ಉಪ್ಪುನೀರಿನಲ್ಲಿ ನೆನೆಸಿದ ಅಲಸಂದೆ: ನನ್ನ ಅನುಭವ

ಬೇಯುವ ಮೊದಲು ಉಪ್ಪು ಬಿದ್ದರೆ ಕಾಳು ಎಷ್ಟು ಕುದಿಸಿದರೂ ಮೆತ್ತಗಾಗದು ಎಂಬುದನ್ನು ಕಾರವಾರದ ನಮ್ಮ ಮನೆಯಲ್ಲಿ ಅತ್ತೆಯವರಿಂದ ಹಿಡಿದು ಓರಗಿತ್ತಿಯವರೆಗೆ ಎಲ್ಲರೂ ನಂಬಿದ್ದರು. ಈಗ ಅದೇ ಮನೆಯಲ್ಲಿ ತೊಣಕಕ್ಕೆ, ಅಂದರೆ ಕಾಯಿಮಸಾಲೆ ಹಾಕಿದ ಕಾಳಿನ ಸಾರಿಗೆ, ಅಲಸಂದೆ ನೆನೆಹಾಕುವಾಗ ಮೊದಲು ಕೆಳಗಿಳಿಯುವುದು ಉಪ್ಪಿನ ಡಬ್ಬಿ. ಕುಕ್ಕರ್ ಇಲ್ಲದೆ, ಸೋಡಾ ಇಲ್ಲದೆ, ಒಂದು ಕಾಳೂ ಒಡೆಯದಂತೆ ಬೇಯಿಸಬಹುದೆಂದು ನಾನು ಹೇಳಿದ್ದು ನಿಜವಾಗಿದೆ.

ನನ್ನ ತವರು ಶಿರಸಿ ಕಡೆ. ಅಲ್ಲಿಯ ಬಾವಿನೀರಿನಲ್ಲಿ ಮುಕ್ಕಾಲು ಗಂಟೆಗೆ ಬೇಯುತ್ತಿದ್ದ ಅಲಸಂದೆ, ಅದೇ ಚೀಲದ್ದು, ಇಲ್ಲಿ ನಮ್ಮ ಬೋರ್‌ವೆಲ್ ನೀರಿನಲ್ಲಿ ಎರಡು ಗಂಟೆ ಕುದಿದರೂ ಒಳಗೆ ಹಿಟ್ಟುಹಿಟ್ಟಾಗಿ, ಹೊರಗೆ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತಿತ್ತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಷ್ಟು ಗಡಸು ನೀರು ಅದು. ಅದರಲ್ಲಿರುವ ಕ್ಯಾಲ್ಸಿಯಂ ಸಿಪ್ಪೆಯನ್ನು ಬಿಗಿಯುತ್ತದೆ, ಉಪ್ಪಿನ ಸೋಡಿಯಂ ಆ ಬಿಗಿಯನ್ನು ಸಡಿಲಿಸುತ್ತದೆ.

ಉಪ್ಪಿಗೆ ಬರುವ ಮೊದಲು ಬೇರೆ ದಾರಿಗಳಿಗೆ ಹಣ ಸುರಿದದ್ದಾಯಿತು. ಕುಕ್ಕರ್‌ನಲ್ಲಿ ಅರ್ಧ ಕಾಳು ಒಡೆದು ಗಂಜಿಯಾಗುತ್ತಿತ್ತು, ಉಳಿದರ್ಧ ಹಾಗೆಯೇ ಇರುತ್ತಿತ್ತು. ಸೋಡಾ ಚಿಟಿಕೆಯಷ್ಟು ಹಾಕಿದರೂ ಸಿಪ್ಪೆ ಕಳಚಿ ತೇಲಿ, ಸಾರಿಗೆ ಸಾಬೂನಿನ ವಾಸನೆ ಬರುತ್ತಿತ್ತು. ಕ್ಯಾನ್ ನೀರಿನಲ್ಲಿ ಕಾಳು ಚೆನ್ನಾಗಿಯೇ ಬೆಂದಿತು, ಆದರೆ ತಿಂಗಳಿಗೆ ಸುಮಾರು 300 ರೂಪಾಯಿ ನೀರಿಗೇ ಹೋಗುವುದು ನಮ್ಮಂಥ ಮನೆಗೆ ಸರಿಬರುವ ಮಾತಲ್ಲ. ಆ ದಿನಗಳಲ್ಲಿ ಗ್ಯಾಸ್ ಸಿಲಿಂಡರ್ ಕೂಡ ಹೆಚ್ಚುಕಡಿಮೆ ಒಂದು ವಾರ ಮೊದಲೇ ಮುಗಿಯುತ್ತಿತ್ತು.

ಈಗಿನ ಲೆಕ್ಕ ಹೀಗಿದೆ: ಅರ್ಧ ಕಿಲೊ ಕಾಳಿಗೆ ಎರಡು ಲೀಟರ್ ನೀರು, ಸುಮಾರು 30 ಗ್ರಾಂ ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಹರಳುಪ್ಪನ್ನು ಬಳಸುವವರು ಚಮಚದಲ್ಲಿ ಅಳೆಯದೆ ತೂಗಿ ಹಾಕಬೇಕು, ಏಕೆಂದರೆ ಹರಳಿನ ನಡುವೆ ಸಂದು ಉಳಿಯುವುದರಿಂದ ಪುಡಿಯುಪ್ಪಿನಷ್ಟು ತೂಕ ಚಮಚಕ್ಕೆ ಬರುವುದಿಲ್ಲ. ನೆನೆಹಾಕಿದ ಸ್ವಲ್ಪ ಹೊತ್ತಿಗೆ ಸಿಪ್ಪೆ ಕಪ್ಪು ಕಣ್ಣಿನ ಸುತ್ತ ಸುಕ್ಕುಗಟ್ಟಿ ಏಳುತ್ತದೆ, ಒಳಗಿನ ಬೇಳೆ ಉಬ್ಬಿದಂತೆ ಆ ಸುಕ್ಕು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆಯೂ ಸುಕ್ಕು ಉಳಿದ ಕಾಳಿಗೆ ಇನ್ನೂ ಒಂದೆರಡು ಗಂಟೆ ಬೇಕು. ಆಮೇಲೆ ಆ ನೀರು ಚೆಲ್ಲಿ, ತೊಳೆದು, ಮಣ್ಣಿನ ಮಡಕೆಯಲ್ಲಿ ಎರಡು ಬೆರಳು ಮೇಲೆ ನಿಲ್ಲುವಷ್ಟು ಹೊಸ ನೀರು ಹಾಕಿ ಒಮ್ಮೆ ಕುದಿ ಬರಿಸಿ ಉರಿ ತಗ್ಗಿಸುತ್ತೇನೆ. ಸೌಟಿನಲ್ಲಿ ನಾಲ್ಕು ಕಾಳು ತೆಗೆದು ಊದಿದಾಗ ಸಿಪ್ಪೆ ಬಿರಿದು ಸುರುಳಿಯಾದರೆ ಬೆಂದಂತೆಯೇ. ಬೋರ್‌ವೆಲ್ ನೀರಿನಲ್ಲಿಯೇ ಈಗ ಒಂದು ಗಂಟೆಯೊಳಗೆ ಆಗುತ್ತದೆ. ಉರಿ ತಗ್ಗಿಸಿದ ಮೇಲೆ ಮಡಕೆಗೆ ನಾನು ಹಾಕುವ ಒಂದು ಎಲೆಯ ಹೆಸರನ್ನು ಸದ್ಯಕ್ಕೆ ಹೇಳುವುದಿಲ್ಲ. ಕಾಯಿಮಸಾಲೆ ಹುರಿಯುವ ಕ್ರಮ ಅತ್ತೆಯವರದ್ದು, ಅದನ್ನು ಬರೆಯುವ ಅಧಿಕಾರ ನನಗಿಲ್ಲ.

ಹುಳಿಯನ್ನೂ ಬೆಲ್ಲವನ್ನೂ ಬೇರೆ ಬೇರೆ ಮಡಕೆಗಳಲ್ಲಿ ಪರೀಕ್ಷಿಸಿದ್ದೇನೆ. ಕಾಳಿನ ಜೊತೆಗೇ ಮುರುಗಲು ಸಿಪ್ಪೆ ಹಾಕಿದ ಮಡಕೆ ಮಧ್ಯಾಹ್ನದ ಊಟಕ್ಕೆ ಒದಗಲಿಲ್ಲ, ತವರಿನಿಂದ ತಂದ ವಾಟೆಹುಳಿಯದ್ದೂ ಅದೇ ಕಥೆ. ಬೆಲ್ಲವೂ ಕಾಳನ್ನು ಬಿಗಿಯುತ್ತದೆ. ಆದರೆ ಪೂರ್ತಿ ಬೆಂದ ಮೇಲೆ ಹಾಕಿದರೆ ಅದೇ ಗುಣ ಉಪಕಾರಕ್ಕೆ ಬರುತ್ತದೆ, ಸಂಜೆ ಮತ್ತೆ ಬಿಸಿ ಮಾಡಿದರೂ ಕಾಳು ಕಲಸಿಹೋಗುವುದಿಲ್ಲ. ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಕುಳಿತ ಕಾಳಿಗೆ ಮಾತ್ರ ಉಪ್ಪೂ ಪೂರ್ತಿ ಸಹಾಯ ಮಾಡದು. ಕಿಲೊಗೆ ಇಪ್ಪತ್ತು ರೂಪಾಯಿ ಹೆಚ್ಚಾದರೂ ಆ ವರ್ಷದ ಬೆಳೆಯನ್ನೇ ಕೊಳ್ಳಬೇಕು.

ಮಕ್ಕಳ ಒತ್ತಾಯಕ್ಕೆ ರಾಜ್ಮಾವನ್ನೂ ಹೀಗೆಯೇ ಮಾಡಿದೆ. ಅದನ್ನು ಮೊದಲು ಕನಿಷ್ಠ ಹತ್ತು ನಿಮಿಷ ಜೋರಾಗಿ ಕುದಿಸಲೇಬೇಕು, ಏಕೆಂದರೆ ಅದರಲ್ಲಿ ಹೊಟ್ಟೆ ಕೆಡಿಸುವ ಅಂಶವಿದ್ದು ಬರಿಯ ಸಣ್ಣ ಉರಿಯಲ್ಲಿ ಅದು ನಾಶವಾಗುವುದಿಲ್ಲ. ಆಮೇಲೆ ಉರಿ ತಗ್ಗಿಸಿ ಒಂದೂವರೆ ಗಂಟೆ ಬಿಟ್ಟರೆ ಸಾಕು.