ಕೋಲ್ಕತ್ತದಲ್ಲಿ ಪುಸ್ತಕ ಕೇಳಿಕೊಂಡು

ಹೊಸ ಊರಿಗೆ ಹೋದಾಗ ಗ್ರಂಥಾಲಯ, ಪುಸ್ತಕದಂಗಡಿ ಸುತ್ತುವ ಚಟ ನನಗೆ ಮೊದಲಿನಿಂದಲೂ ಇದೆ. ಈ ಚಟದಲ್ಲಿ ಒಂದು ವಿಷಯ ಗಟ್ಟಿಯಾಗಿದೆ: ನೋಡಲೆಂದು ಹೋದರೆ ಗ್ರಂಥಾಲಯದಲ್ಲಿ ನೋಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಕಂಬ, ಕಪಾಟು, ತಲೆ ಬಗ್ಗಿಸಿ ಕೂತ ನಾಲ್ಕು ಜನ, ಅಷ್ಟೇ. ಏನನ್ನಾದರೂ ಕೇಳಲೆಂದು ಹೋಗಬೇಕು. ಕೈಯಲ್ಲೊಂದು ಪ್ರಶ್ನೆಯಿದ್ದರೆ ಕಾವಲುಗಾರನಿಂದ ಹಿಡಿದು ಗ್ರಂಥಪಾಲಕರವರೆಗೆ ಎಲ್ಲರೂ ನಿಮ್ಮನ್ನು ಬೇರೆ ಥರ ನಡೆಸಿಕೊಳ್ಳುತ್ತಾರೆ.

ಕೋಲ್ಕತ್ತಕ್ಕೆ ನಾನು ಕಟ್ಟಿಕೊಂಡು ಹೋದ ಪ್ರಶ್ನೆ 1817ನೇ ಇಸವಿಯದು. ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಆ ವರ್ಷ ಕೋಲ್ಕತ್ತದ ಹತ್ತಿರದ ಸೆರಾಂಪುರದಲ್ಲಿ ಅಚ್ಚಾಯಿತು. ಕನ್ನಡ ಮುದ್ರಣದ ಕಥೆ ಹೇಳುವವರೆಲ್ಲ ಶುರುಮಾಡುವುದು ಇಲ್ಲಿಂದಲೇ. ಮಂಗಳೂರಲ್ಲ, ಬಳ್ಳಾರಿಯಲ್ಲ, ಹೂಗ್ಲಿ ನದಿಯ ದಂಡೆ! ಕನ್ನಡ ಮಾತು ಕಿವಿಗೆ ಬೀಳದ ಊರಲ್ಲಿ ಕನ್ನಡದ ಅಚ್ಚುಮೊಳೆ ಯಾಕೆ ಹುಟ್ಟಿತು ಅನ್ನುವುದು ನನ್ನ ತಲೆಯಲ್ಲಿದ್ದ ಹುಳ.

ಮೊದಲು ಹೋದದ್ದು ಅಲಿಪುರದ ರಾಷ್ಟ್ರೀಯ ಗ್ರಂಥಾಲಯಕ್ಕೆ. ವಾರದ ದಿನ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಗುರುತಿನ ಚೀಟಿಯ ನಕಲು, ಒಂದೆರಡು ಪಾಸ್‌ಪೋರ್ಟ್ ಸೈಜ್ ಫೋಟೊ, ಪೆನ್ಸಿಲ್, ತೆಳ್ಳನೆಯ ನೋಟುಬುಕ್ಕು, ಇಷ್ಟು ಚೀಲದಲ್ಲಿರಲಿ. ಪೆನ್ಸಿಲ್ ಯಾಕೆಂದರೆ, ಹಳೆಯ ಪುಸ್ತಕ ತೋರಿಸುವ ಕಡೆಗಳಲ್ಲಿ ಶಾಯಿ ಪೆನ್ನು ಕಂಡರೆ ಆಗುವುದಿಲ್ಲ. ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳು ವಾಸವಿದ್ದ ಬೆಲ್ವೆಡಿಯರ್ ಅರಮನೆಯೇ ಗ್ರಂಥಾಲಯದ ಹಳೆಯ ಕಟ್ಟಡ, ಅದರ ಸುತ್ತ ವಿಶಾಲವಾದ ಹುಲ್ಲುಹಾಸು. ಇದರ ಆಸುಪಾಸಿನಲ್ಲೇ 1780ರಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮತ್ತು ಅವನ ಆಡಳಿತ ಮಂಡಳಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡಿದ್ದರು. 2010ರಲ್ಲಿ ದುರಸ್ತಿ ನಡೆಯುತ್ತಿದ್ದಾಗ ಬಾಗಿಲೇ ಇಲ್ಲದ ಕೋಣೆಯೊಂದು ಪತ್ತೆಯಾಗಿ, ಒಳಗೆ ನಿಧಿಯಿದೆ, ಅಸ್ಥಿಪಂಜರವಿದೆ ಎಂದೆಲ್ಲ ಸುದ್ದಿ ಹಬ್ಬಿತ್ತು. ಕೊನೆಗೆ ಸಿಕ್ಕಿದ್ದು ಮಣ್ಣು. ಕಟ್ಟಡ ಗಟ್ಟಿಯಾಗಿ ನಿಲ್ಲಲೆಂದು ತುಂಬಿದ್ದಂತೆ.

ಓದುಗರ ಕೆಲಸವೆಲ್ಲ ಈಗ ಪಕ್ಕದ ಭಾಷಾ ಭವನದಲ್ಲಿ. 1836ರ ಕಲ್ಕತ್ತಾ ಪಬ್ಲಿಕ್ ಲೈಬ್ರರಿ, ವೈಸ್‌ರಾಯ್ ಕರ್ಜನ್ 1903ರಲ್ಲಿ ತೆರೆದ ಇಂಪೀರಿಯಲ್ ಲೈಬ್ರರಿ, 1953ರ ಫೆಬ್ರುವರಿಯಲ್ಲಿ ಮೌಲಾನಾ ಆಜಾದ್ ಸಾರ್ವಜನಿಕರಿಗೆ ತೆರೆದ ಈ ರಾಷ್ಟ್ರೀಯ ಗ್ರಂಥಾಲಯ, ಎಲ್ಲ ಒಂದೇ ಬಳ್ಳಿ. ಸ್ವಾತಂತ್ರ್ಯದ ನಂತರ ಇದನ್ನು ಕಟ್ಟಿ ನಿಲ್ಲಿಸಿದ ಬಿ.ಎಸ್. ಕೇಶವನ್ ಅದಕ್ಕೂ ಮೊದಲು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು.

ಇಲ್ಲಿ ಕಪಾಟಿನ ಮುಂದೆ ನಿಂತು ಪುಸ್ತಕ ಎಳೆದು ನೋಡುವ ಹಾಗಿಲ್ಲ. ಕ್ಯಾಟಲಾಗಿನಲ್ಲಿ ಹುಡುಕಿ, ಚೀಟಿ ಬರೆದು ಕೊಟ್ಟು, ಕಾಯಬೇಕು. ಭಾರತೀಯ ಭಾಷೆಗಳಿಗೆ ಪ್ರತ್ಯೇಕ ವಿಭಾಗಗಳಿವೆ, ಕನ್ನಡಕ್ಕೂ ಒಂದಿದೆ. ನಾನು ಚೀಟಿಯಲ್ಲಿ ಬರೆದದ್ದು ಕೇರಿಯ ಹೆಸರನ್ನಲ್ಲ. ನಮ್ಮ ಕಡೆಯ ಸಣ್ಣ ಪ್ರಕಾಶನವೊಂದು 1970ರ ದಶಕದಲ್ಲಿ ತಂದ, ಈಗ ಆ ಊರಿನಲ್ಲೇ ಯಾರ ಬಳಿಯೂ ಇಲ್ಲದ ಒಂದು ಕವನ ಸಂಕಲನದ ಹೆಸರು. ಪರೀಕ್ಷೆ ಮಾಡುವ ಬುದ್ಧಿ ಅಂದುಕೊಳ್ಳಿ. ಸಾಕಷ್ಟು ಹೊತ್ತು ಕಾದ ಮೇಲೆ ಪುಸ್ತಕ ಬಂತು. ಹಾಳೆ ಕಂದಿತ್ತು, ಪುಟಗಳು ಮಾತ್ರ ಒಬ್ಬರೂ ಬಿಡಿಸಿ ಓದದಷ್ಟು ಗರಿಗರಿ. ಕೊಡಲು ಬಂದವರು ನನ್ನ ಚೀಟಿ ನೋಡಿ, ಕನ್ನಡದಲ್ಲೇ, “ಎಲ್ಲಿಂದ ಬಂದ್ರಿ ಸರ್?” ಎಂದರು. ಹೇಳಿದೆ. “ಇದನ್ನ ಕೇಳ್ಕೊಂಡು ಅಲ್ಲಿಂದ ಇಲ್ಲಿಗೆ ಬಂದ್ರಾ!” ಎಂದು ನಕ್ಕರು.

ಆ ಪುಸ್ತಕ ಅಲ್ಲಿರುವುದು ಪವಾಡವಲ್ಲ, ಕಾನೂನು. 1954ರ ಕಾಯಿದೆಯ ಪ್ರಕಾರ ದೇಶದ ಪ್ರತಿ ಪ್ರಕಾಶಕರೂ ಪುಸ್ತಕ ಹೊರಬಂದ 30 ದಿನಗಳೊಳಗೆ ತಮ್ಮದೇ ಖರ್ಚಿನಲ್ಲಿ ಇಲ್ಲಿಗೊಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಒಂದೊಂದು. ಪ್ರಕಾಶಕ ಮಿತ್ರರನ್ನು ಕೇಳಿದರೆ ಅರ್ಧದಷ್ಟು ಜನ “ಹೌದಾ?” ಅನ್ನುತ್ತಾರೆ. ಊರಿನ ಗ್ರಂಥಾಲಯ ಸೋರಬಹುದು, ಗೆದ್ದಲು ತಿನ್ನಬಹುದು, ಸಾವಿರ ಮೈಲಿ ಆಚೆ ಒಂದು ಪ್ರತಿ ಉಳಿದಿರುತ್ತದಲ್ಲ, ಅಂಚೆ ಖರ್ಚಿಗೆ ಹಿಂದೆಮುಂದೆ ನೋಡಬಾರದು.

ಕಾಲೇಜ್ ಸ್ಟ್ರೀಟ್‌ನದು ಬೇರೆಯೇ ಲೋಕ. ಪ್ರೆಸಿಡೆನ್ಸಿ, ಸಂಸ್ಕೃತ ಕಾಲೇಜು, ಹೇರ್ ಸ್ಕೂಲು, ವಿಶ್ವವಿದ್ಯಾಲಯ ಎಲ್ಲ ಒತ್ತೊತ್ತಾಗಿರುವ ಜಾಗ. ಅವುಗಳ ಕಬ್ಬಿಣದ ಬೇಲಿಗೆ ಆತುಕೊಂಡು ಹಲಗೆ, ತಗಡಿನ ಪುಟ್ಟ ಪುಟ್ಟ ಮಳಿಗೆಗಳು. ನಮ್ಮ ಅವೆನ್ಯೂ ರಸ್ತೆಯ ಪುಸ್ತಕದ ಸಾಲನ್ನು ಹತ್ತು ಪಟ್ಟು ಎಳೆದು, ಮಧ್ಯೆ ಟ್ರಾಮ್ ಹಳಿ ಹಾಸಿದಂತೆ. ಭಾನುವಾರ ಹೋಗಬೇಡಿ, ಬಹುತೇಕ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಬೇಗ ಹೋದರೂ ಅದೇ ಗತಿ. ಮಧ್ಯಾಹ್ನದ ಊಟ ಮುಗಿಸಿ ಹೋದರೆ ಸಂಜೆಯವರೆಗೆ ಸರಿಯಾದ ಹೊತ್ತು.

ಇಲ್ಲೂ ಕೇಳುವವನಿಗೇ ಮರ್ಯಾದೆ. ಎಷ್ಟೋ ಅಂಗಡಿಗಳಲ್ಲಿ ಒಳಗೆ ಹೋಗಿ ಅಡ್ಡಾಡಲು ಜಾಗವೇ ಇರುವುದಿಲ್ಲ. ಗಲ್ಲಾ ಮೇಜಿನ ಈಚೆ ನಿಂತು ಪುಸ್ತಕದ ಹೆಸರು ಹೇಳಬೇಕು. ಅವರಲ್ಲಿ ಇಲ್ಲದಿದ್ದರೆ ಹುಡುಗನೊಬ್ಬ ಗಲ್ಲಿಯೊಳಗೆ ಓಡಿ ಇನ್ಯಾವುದೋ ಅಂಗಡಿಯಿಂದ ತಂದುಕೊಡುತ್ತಾನೆ. ಸುಮ್ಮನೆ ನಿಂತು ಕಣ್ಣಾಡಿಸಿದರೆ “ಕೀ ಬೋಯಿ, ದಾದಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ, ಯಾವ ಪುಸ್ತಕ ಬೇಕಣ್ಣಾ ಅಂತ. ಉತ್ತರ ಇರಬೇಕು. ನಾನು ಕೇಳಿದ್ದು ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಬರೆದ ಬಂಗಾಳಿ ಅಕ್ಷರಮಾಲೆಯ ಪುಸ್ತಕ ‘ವರ್ಣಪರಿಚಯ’ವನ್ನು. ಇಂದಿಗೂ ಮಕ್ಕಳಿಗೆಂದು ಅಚ್ಚಾಗುತ್ತಲೇ ಇದೆ, ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ. ಬಂಗಾಳಿ ಬಾರದ ನನಗೆ ಉಳಿದ ದಿನಗಳಲ್ಲಿ ಬಸ್ಸಿನ ಬೋರ್ಡು ಕೂಡಿಸಿ ಓದಲು ಅದೇ ಆಸರೆಯಾಯಿತು. ವಿದ್ಯಾಸಾಗರರು ಬರೆದಷ್ಟಕ್ಕೆ ನಿಲ್ಲಲಿಲ್ಲ. ಸ್ವಂತ ಪ್ರೆಸ್ಸು ಮಾಡಿ, ಇದೇ ಬೀದಿಯ ಸುತ್ತ ಪುಸ್ತಕದ ಮಳಿಗೆಯನ್ನೂ ನಡೆಸಿದರು. ಸಂಸ್ಕೃತ ಪಂಡಿತರು ಅಂಗಡಿ ಇಟ್ಟದ್ದು ಆಗಿನವರಿಗೆ ಹೇಗೆ ಕಂಡಿತ್ತೋ, ಈಗಂತೂ ಇಡೀ ಬೀದಿ ಅವರ ಒಕ್ಕಲು.

ಚೌಕಾಸಿ ಹಳೆಯ ಪುಸ್ತಕಕ್ಕೆ ಮಾತ್ರ. ಹೊಸ ಬಂಗಾಳಿ ಪುಸ್ತಕಕ್ಕೆ ಕೇಳದೆಯೇ ರಿಯಾಯಿತಿ ಕೊಡುವ ಪದ್ಧತಿ ಇದೆ. ಪರೀಕ್ಷೆಯ ಗೈಡುಗಳ ಗುಡ್ಡಗಳೇ ಎದುರಾಗುತ್ತವೆ, ಅವುಗಳನ್ನು ದಾಟಿಕೊಂಡು ಮುಂದೆ ಹೋಗುವ ತಾಳ್ಮೆ ಬೇಕು.

ಕಾಲು ಸೋತಾಗ ಹತ್ತಬೇಕಾದ ಮೆಟ್ಟಿಲು ಕಾಫಿ ಹೌಸಿನದು. ಎತ್ತರದ ಸೂರು, ಉದ್ದ ಕೋಲಿನ ಫ್ಯಾನು, ರುಮಾಲು ಸುತ್ತಿದ ಬೇರರ್‌ಗಳು, ಗದ್ದಲ. ಕರಿ ಕಾಫಿ ಬೇಕಿದ್ದರೆ ‘ಇನ್‌ಫ್ಯೂಷನ್’ ಅನ್ನಬೇಕು. ಚಿಕ್ಕಮಗಳೂರು, ಕೊಡಗಿನ ಫಿಲ್ಟರ್ ಕಾಫಿಗೆ ಒಗ್ಗಿದ ನಾಲಿಗೆಗೆ ಅದು ಅಷ್ಟಕ್ಕಷ್ಟೇ ಎಂದು ಬಂಗಾಳಿಗಳೆದುರು ಹೇಳಲು ನನಗೆ ಧೈರ್ಯವಾಗಲಿಲ್ಲ. ಆದರೆ ಈ ಮನೆಗೂ ನಮಗೂ ನಂಟಿದೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು ಕಟ್ಟಿಕೊಂಡ ಮೊದಲ ಸಹಕಾರ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಕಾಲೇಜ್ ಸ್ಟ್ರೀಟಿನ ಈ ಕಾಫಿ ಹೌಸನ್ನು ನಡೆಸುವುದೂ ನೌಕರರ ಸಹಕಾರ ಸಂಘವೇ.

ಪಾರ್ಕ್ ಸ್ಟ್ರೀಟಿನ ಆಕ್ಸ್‌ಫರ್ಡ್ ಬುಕ್‌ಸ್ಟೋರ್, ವಿಲಿಯಂ ಜೋನ್ಸ್ 1784ರಲ್ಲಿ ಹುಟ್ಟುಹಾಕಿದ ಏಷ್ಯಾಟಿಕ್ ಸೊಸೈಟಿ, ಇವೆರಡೂ ಅರ್ಧ ದಿನಕ್ಕೆ ಸಾಕು. ಸೊಸೈಟಿಯಲ್ಲಿ ಅಶೋಕನ ಶಾಸನವಿರುವ, ರಾಜಸ್ಥಾನದ ಬೈರಾಟಿನ ಕಲ್ಲೊಂದಿದೆ. ಬುದ್ಧನ ಯಾವ ಯಾವ ಉಪದೇಶಗಳನ್ನು ಭಿಕ್ಷುಗಳು ಮತ್ತೆ ಮತ್ತೆ ಕೇಳಬೇಕು ಎಂದು ರಾಜನೇ ಪಟ್ಟಿ ಮಾಡಿಕೊಟ್ಟ ಶಾಸನ ಅದು. ಗ್ರಂಥಾಲಯಕ್ಕೆ ತಕ್ಕ ಕಲ್ಲು.

ಸೆರಾಂಪುರಕ್ಕೆ ಹೌರಾದಿಂದ ಲೋಕಲ್ ರೈಲು, ಮುಕ್ಕಾಲು ಗಂಟೆಯೊಳಗಿನ ಹಾದಿ. ಅದೇ ಸಾಲಿನಲ್ಲಿ ಮೊದಲು ಸಿಗುವ ಉತ್ತರಪಾರಾದಲ್ಲಿ ಇಳಿದು ಜಯಕೃಷ್ಣ ಗ್ರಂಥಾಲಯ ನೋಡಿಕೊಂಡೆ. ಜಮೀನ್ದಾರ ಜಯಕೃಷ್ಣ ಮುಖರ್ಜಿ 1859ರಲ್ಲಿ ಗಂಗೆಯ ದಡದಲ್ಲಿ ತೆರೆದದ್ದು. ಕವಿ ಮೈಕೇಲ್ ಮಧುಸೂದನ ದತ್ತರು ಸಾಲಸೋಲದ ಕೊನೆಗಾಲದಲ್ಲಿ ಇಲ್ಲಿನ ಮಹಡಿಯಲ್ಲಿ ಉಳಿದಿದ್ದರು. ಪುಸ್ತಕದ ಜೊತೆ ಕವಿಗೂ ಜಾಗ ಕೊಟ್ಟ ಗ್ರಂಥಾಲಯ ನಮ್ಮಲ್ಲಿ ಇನ್ನೆಲ್ಲಿದೆಯೋ ಕಾಣೆ.

ಸೆರಾಂಪುರ ಆಗ ಡೇನಿಶ್ ವಸಾಹತು. ತಮ್ಮ ನೆಲದಲ್ಲಿ ಮಿಷನರಿಗಳು ಬೇಡ ಎಂದು ಈಸ್ಟ್ ಇಂಡಿಯಾ ಕಂಪನಿ ಮುಖ ಸಿಂಡರಿಸುತ್ತಿದ್ದ ಕಾಲದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ 1800ರಲ್ಲಿ ಇಲ್ಲಿ ಬೀಡುಬಿಟ್ಟು ಪ್ರೆಸ್ಸು ಹಾಕಿದರು. 1818ರಲ್ಲಿ ಅವರು ಕಟ್ಟಿದ ಕಾಲೇಜಿನ ಆವರಣದಲ್ಲಿ ಕೇರಿ ಗ್ರಂಥಾಲಯವಿದೆ. ಮುಂಚಿತವಾಗಿ ಪತ್ರ ಬರೆದು, ಏನು ನೋಡಬೇಕು, ಯಾಕೆ ಎಂದು ತಿಳಿಸಿಯೇ ಹೋಗಬೇಕಾದ ಜಾಗ. ವ್ಯಾಕರಣದ ಸ್ಕ್ಯಾನ್ ಪ್ರತಿ ನನ್ನ ಮೊಬೈಲಿನಲ್ಲೇ ಇತ್ತು. ನನಗೆ ಬೇಕಿದ್ದದ್ದು ಆ ಪ್ರೆಸ್ಸಿನ ಕಥೆ.

ಅಲ್ಲಿ ಕೂತು ಓದುತ್ತ ಹುಳ ಕೊಂಚ ಇಳಿಯಿತು. ಬಂಗಾಳಿಗೆ ಅಚ್ಚುಮೊಳೆ ಕೆತ್ತಿದ ಪಂಚಾನನ ಕರ್ಮಕಾರ ಎಂಬ ಕಮ್ಮಾರ ಕೇರಿಯ ಪ್ರೆಸ್ಸಿಗೆ ಬಂದ. ಅವನ ಅಳಿಯ ಮನೋಹರ ಆ ವಿದ್ಯೆ ಮುಂದುವರಿಸಿದ. ಹೀಗೆ ಒಂದರ ಮೇಲೊಂದು ಲಿಪಿ ಕೆತ್ತುವ ಕಾರ್ಖಾನೆಯೇ ಅಲ್ಲಿ ಬೆಳೆಯಿತು. ಕೇರಿ ಕೋಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ನಾನಾ ಭಾಷೆಯ ಪಂಡಿತರನ್ನು ಕೂಡಿಸಿಕೊಂಡು ಅನುವಾದ ನಡೆಸುತ್ತಿದ್ದ. ಭಾಷೆ ಇದ್ದ ಕಡೆಗೆ ಪ್ರೆಸ್ಸು ಹೋಗಲಿಲ್ಲ. ಕಸುಬುದಾರರು, ಪಂಡಿತರು, ದುಡ್ಡು ಮೂರೂ ಸೇರಿದ ಕಡೆಗೆ ಭಾಷೆಗಳೇ ಬಂದವು, ಕನ್ನಡವೂ ಬಂತು. ಸುಲಭಕ್ಕೇನೂ ಬರಲಿಲ್ಲ. 1812ರ ಮಾರ್ಚ್ 11ರ ಸಂಜೆ ಪ್ರೆಸ್ಸಿಗೆ ಬೆಂಕಿ ಬಿದ್ದು ಕಾಗದ, ಮೊಳೆ, ಹಸ್ತಪ್ರತಿ ಎಲ್ಲ ಹೋಯಿತು. ಸುಟ್ಟವುಗಳಲ್ಲಿ ಬೈಬಲಿನ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಇತ್ತು. ಮೊಳೆ ಎರಕ ಹೊಯ್ಯುವ ಪಡಿಯಚ್ಚುಗಳು ಉಳಿದವು. ಕರಗಿ ಬಿದ್ದ ಸೀಸವನ್ನೇ ಬಗೆದು ತೆಗೆದು ಹೊಸ ಮೊಳೆ ಎರಕ ಹೊಯ್ದರು. ಐದು ವರ್ಷಕ್ಕೆ ನಮ್ಮ ವ್ಯಾಕರಣ ಹೊರಬಂತು. ಆ ಬೆಂಕಿಯ ಕಥೆ ತಿಳಿದ ಮೇಲೆ ಮೊಬೈಲ್ ತೆಗೆದು ಅದರ ಪುಟಗಳನ್ನು ಮತ್ತೆ ನೋಡಿದೆ. ಒತ್ತಕ್ಷರಗಳು ಒರಟು, ಸಾಲು ಅಲ್ಲಲ್ಲಿ ಸೊಟ್ಟ, ಆದರೂ ಒಂದಿಷ್ಟೂ ತಡವರಿಸದೆ ಓದಬಹುದು.

ಇನ್ನು ಕೊಂಡ ಪುಸ್ತಕಗಳ ಭಾರ. ವಿಮಾನದಲ್ಲಿ ಹೆಚ್ಚುವರಿ ತೂಕಕ್ಕೆ ದುಡ್ಡು ಸುರಿಯುವುದಕ್ಕಿಂತ ಅಂಚೆ ಕಚೇರಿಗೆ ಹೋಗಿ. 2025ರ ಮೇ ತಿಂಗಳಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದೇ ‘ಜ್ಞಾನ ಪೋಸ್ಟ್’ ನಡೆಸುತ್ತಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ನೆಲಮಾರ್ಗದಲ್ಲಿ ಹೋಗುವುದರಿಂದ ನಿಧಾನ. ರಟ್ಟಿನ ಪೆಟ್ಟಿಗೆ, ಟ್ವೈನ್ ದಾರ ಕಾಲೇಜ್ ಸ್ಟ್ರೀಟಿನ ಅಂಗಡಿಯವರೇ ಕೊಡುತ್ತಾರೆ, ಕಟ್ಟಿಯೂ ಕೊಡುತ್ತಾರೆ. ದುರ್ಗಾಪೂಜೆಯ ವಾರ ಮಾತ್ರ ಈ ಯಾವುದಕ್ಕೂ ಹೊರಡಬೇಡಿ. ಆಗ ಇಡೀ ಊರೇ ಬೀದಿಗೆ ಬಂದಿರುತ್ತದೆ, ಪುಸ್ತಕದ ಬಾಗಿಲುಗಳು ಮುಚ್ಚಿರುತ್ತವೆ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹವೆ ಹಿತ, ಜನವರಿ ಕೊನೆಯ ಹೊತ್ತಿಗೆ ಪುಸ್ತಕ ಮೇಳವೂ ಶುರುವಾಗುತ್ತದೆ.