ಒಂದು ಆಟ ಸೋತ ಮೇಲೆ ಸಾಲಾಗಿ ಸೋಲುತ್ತಿದ್ದೆ, ಸರಿಹೋಗಿದ್ದು ಹೀಗೆ

ಆನ್‌ಲೈನ್ ಚೆಸ್ ಆಡುವ ಲಿಚೆಸ್ ಸೈಟಿನಲ್ಲಿ ಒಂದು ಆಟ ಸೋತರೆ ಸಾಕು, ಹೋದ ಪಾಯಿಂಟ್ ವಾಪಸ್ ತಗೋಬೇಕು ಅಂತ ತಕ್ಷಣ ಇನ್ನೊಂದು ಶುರು ಮಾಡಿ, ಮಲಗುವಷ್ಟರಲ್ಲಿ ಐದಾರು ಸೋತಿರುತ್ತಿದ್ದೆ. ರೇಟಿಂಗ್ 1450 ಮತ್ತು 1600ರ ನಡುವೆ ಹೊಯ್ದಾಡುತ್ತಿತ್ತು.

ಹೊಸ ಓಪನಿಂಗ್ ಕಲಿತೆ, ದಿನಕ್ಕೆ 50 ಪಜಲ್ ಬಿಡಿಸಿದೆ, ಬ್ಲಿಟ್ಜ್ (ಕೆಲವೇ ನಿಮಿಷದ ವೇಗದ ಆಟ) ಜಾಸ್ತಿ ಆಡಿದೆ. ಉಪಯೋಗ ಆಗಲಿಲ್ಲ. ಸೋತ ಆಟಗಳನ್ನು ತೆಗೆದು ನೋಡಿದರೆ ಒಂದೇ ಕಥೆ: ಎದುರಾಳಿಯ ಕುದುರೆ ಎಫ್5ಕ್ಕೆ ಬಂದು ಇ7ರಲ್ಲಿದ್ದ ನನ್ನ ರಾಣಿಗೆ ಗುರಿಯಿಟ್ಟಿದೆ, ನಾನು ಎರಡೇ ಸೆಕೆಂಡಿನಲ್ಲಿ ಬೇರೆ ಕಡೆ ಕಾಲಾಳು ತಳ್ಳಿದ್ದೇನೆ. ಆಟ ಗೊತ್ತಿಲ್ಲ ಅಂತಲ್ಲ, ನೋಡಿಲ್ಲ.

ಕೆಲಸ ಮಾಡಿದ್ದು ಇದು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಯಲ್ಲಿ ರೇಟಿಂಗ್ ತೋರಿಸುವುದನ್ನು ಆಫ್ ಮಾಡಿ, ಜೆನ್ ಮೋಡ್ (ಆಡುವಾಗ ಗಮನ ಸೆಳೆಯುವ ಬೇರೆ ವಿವರಗಳನ್ನು ಮರೆಮಾಡುವುದು) ಆನ್ ಮಾಡಿ. ಸಮಯ 15+10, ಅಂದರೆ ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ. ದಿನಕ್ಕೆ ಎರಡೇ ಆಟ, ಮೊದಲನೆಯದು ಸೋತರೆ 20 ನಿಮಿಷ ಎದ್ದು ಓಡಾಡಿ. ಎದುರಾಳಿ ಆಡಿದ ಕೂಡಲೇ ಮೌಸ್ ಬಿಟ್ಟು ಆ ನಡೆಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ, ಎಲ್ಲಕ್ಕಿಂತ ಮುಖ್ಯ ಇದೇ, ಯಾಕಂದ್ರೆ ಬರೆಯಬೇಕಾದರೆ ನೋಡಲೇಬೇಕು ಅಲ್ವಾ. ಆಮೇಲೆ ಇದೇ ಕ್ರಮ: ಅವರು ಕೊಡಬಹುದಾದ ಚೆಕ್, ಹೊಡೆಯಬಹುದಾದ ಕಾಯಿ, ಬೆದರಿಕೆ. ಅದಾದ ಮೇಲೆ ನಿಮ್ಮದು. ನಿಮ್ಮ ನಡೆಯನ್ನು ಮಾತ್ರ ಆಡುವ ಮುಂಚೆ ಬರೆಯಬೇಡಿ, ಟೂರ್ನಮೆಂಟಿನಲ್ಲಿ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ ಅದಕ್ಕೆ ಬಿಡುವುದಿಲ್ಲ. ರೇಟಿಂಗ್ ಭಾನುವಾರ ಮಾತ್ರ ನೋಡುತ್ತೇನೆ, ಆರು ವಾರದಿಂದ 1580ರ ಕೆಳಗೆ ಇಳಿದಿಲ್ಲ.