ಎರೆ ಹೊಲದಲ್ಲಿ ಬಿದ್ದ ವಿಮಾನ: ಲೋಹಕ್ಕಿಂತ ಮೊದಲು ಮಣ್ಣು

ಗೋಕಾಕ, ರಾಯಬಾಗ ಕಡೆಯ ಹೊಲದಲ್ಲಿ ಸಣ್ಣ ವಿಮಾನ ಬಿದ್ದರೆ ಅರ್ಧ ತಾಸಿನಲ್ಲಿ ಊರಿಗೆ ಊರೇ ಅಲ್ಲಿ ನೆರೆದಿರುತ್ತದೆ. ಮುರಿದ ರೆಕ್ಕೆ ನಾಳೆಯೂ ಮುರಿದೇ ಇರುತ್ತದೆ. ಪ್ರೊಪೆಲರ್ ಮಣ್ಣಿನಲ್ಲಿ ಕೊಚ್ಚಿದ ಗೆರೆಗಳು ಸಂಜೆಗೆ ಉಳಿಯುವುದಿಲ್ಲ. ಹಾಗಾಗಿ ತನಿಖೆಗೆ ಹೊರಡುವ ಮೊದಲು ಪೊಲೀಸರಿಗೆ ಫೋನಿನಲ್ಲೇ ಹೇಳುತ್ತೇನೆ: ಹಗ್ಗವನ್ನು ಅವಶೇಷದ ಸುತ್ತ ಮಾತ್ರವಲ್ಲ, ವಿಮಾನ ಬಂದ ದಿಕ್ಕಿನಲ್ಲಿ 200 ಮೀಟರ್ ಹಿಂದಕ್ಕೂ ಕಟ್ಟಿಸಿ. ಗಾಯಾಳುಗಳನ್ನು ತೆಗೆಯಲು ಏನು ಕತ್ತರಿಸಿದರೂ ಸರಿ, ಎಲ್ಲಿ ಕತ್ತರಿಸಿದಿರಿ ಎಂಬುದನ್ನು ಮಾತ್ರ ನೆನಪಿಡಿ.

ಮುಟ್ಟುವ ಮೊದಲು ಬ್ಯಾಟರಿ ಬಿಡಿಸಬೇಕು. ಪ್ರೊಪೆಲರನ್ನು ಯಾರೂ ಕೈಯಿಂದ ತಿರುಗಿಸಕೂಡದು. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋದ ಅರ್ಥಿಂಗ್ ತಂತಿ ಹರಿದಿದ್ದರೆ ಕೀ ಆಫ್ ಇದ್ದರೂ ಕಿಡಿ ಹಾರುತ್ತದೆ, ಬ್ಯಾಟರಿ ಬಿಡಿಸಿದರೂ ಅದು ನಿಲ್ಲುವುದಿಲ್ಲ. ಪೂರ್ತಿ ವಿಮಾನಕ್ಕೇ ಪ್ಯಾರಾಚೂಟ್ ಇರುವ ಮಾದರಿಯಾದರೆ ಅದರ ರಾಕೆಟ್ ಇನ್ನೂ ಸಿಡಿಯದೆ ಕೂತಿರಬಹುದು. ಅಲ್ಲಿ ಗ್ರೈಂಡರ್ ಓಡಿಸಬೇಡಿ.

ನಂತರ ನಾಲ್ಕು ಮೂಲೆ: ಮೂಗು, ಬಾಲ, ಎರಡು ರೆಕ್ಕೆತುದಿ. ನಾಲ್ಕೂ ಒಂದೇ ಕಡೆ ಇದ್ದರೆ ವಿಮಾನ ಇಡಿಯಾಗಿ ನೆಲಕ್ಕೆ ಬಂದಿದೆ. ಒಂದು ರೆಕ್ಕೆತುದಿ ಅರ್ಧ ಕಿಲೋಮೀಟರ್ ಹಿಂದೆ ಸಿಕ್ಕರೆ ಕಥೆಯೇ ಬೇರೆ.

ಕಬ್ಬು ಅಳತೆಗೋಲು ಇದ್ದ ಹಾಗೆ. ಮೊದಲ ಗಣಿಕೆ 2.4 ಮೀಟರ್ ಎತ್ತರದಲ್ಲಿ ತುಂಡಾಗಿ, ಅಲ್ಲಿಂದ 20 ಮೀಟರ್ ಮುಂದೆ ನೆಲ ಸಿಕ್ಕಿದ್ದರೆ ಇಳಿದ ಕೋನ ಸುಮಾರು 7 ಡಿಗ್ರಿ. ಪೈಲಟ್ ಇಳಿಸಲು ನೋಡಿರಬೇಕು. ಗಣಿಕೆಗಳು ನಿಂತೇ ಇದ್ದು ನಡುವೆ ಕುಣಿ ಮಾತ್ರ ಬಿದ್ದಿದ್ದರೆ ಅದು ಸ್ಟಾಲ್ ಕಡೆಗೆ, ಅಂದರೆ ರೆಕ್ಕೆಯ ಎತ್ತುವ ಬಲ ತಪ್ಪಿ ಬಿದ್ದದ್ದರ ಕಡೆಗೆ, ಬೆರಳು ತೋರಿಸುತ್ತದೆ. ಎಡ–ಬಲ ತುಂಡುಗಳ ಎತ್ತರದ ವ್ಯತ್ಯಾಸವೂ ಬೇಕು: ಸೆಸ್ನಾ 172ರ ರೆಕ್ಕೆ ತುದಿಯಿಂದ ತುದಿಗೆ 11 ಮೀಟರ್, ಆದ್ದರಿಂದ 1.9 ಮೀಟರ್ ವ್ಯತ್ಯಾಸವೆಂದರೆ 10 ಡಿಗ್ರಿ ವಾಲಿಕೆ. ಸೋಗೆ ಒಣಗಿ ಮುದುರುವ ಮುನ್ನ ಅದೇ ದಿನ ಅಳೆಯಬೇಕು.

ಹಸಿ ಎರೆಮಣ್ಣಿನಲ್ಲಿ ಪ್ರೊಪೆಲರಿನ ಕೊಚ್ಚುಗಳು ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಎರಡು ಬ್ಲೇಡಿನ ಪ್ರೊಪೆಲರ್ ನಿಮಿಷಕ್ಕೆ 2,400 ಸುತ್ತು ತಿರುಗಿದರೆ ಸೆಕೆಂಡಿಗೆ 80 ಏಟು. ಏಟುಗಳ ನಡುವೆ 45 ಸೆಂಟಿಮೀಟರ್ ಇದ್ದರೆ ವೇಗ ಸೆಕೆಂಡಿಗೆ 36 ಮೀಟರ್, ಅಂದರೆ ಸುಮಾರು 70 ನಾಟ್. ಆದರೆ ಈ ಲೆಕ್ಕದಲ್ಲಿ ಸುತ್ತು ಇಲ್ಲವೇ ವೇಗ, ಎರಡರಲ್ಲೊಂದು ಬೇರೆ ಕಡೆಯಿಂದ ಸಿಗಬೇಕು. ಯಾರದೋ ಮೊಬೈಲ್ ವಿಡಿಯೋದಲ್ಲಿ 80 ಹರ್ಟ್ಸ್ ಆಸುಪಾಸಿನ ಗುಂಯ್‌ಗುಡುವಿಕೆ ದಾಖಲಾಗಿದ್ದರೆ ಸುತ್ತು ಸಿಕ್ಕಂತೆಯೇ. ಒಂದು ಬ್ಲೇಡ್ ಹಿಂದಕ್ಕೆ ಮಡಚಿ ಇನ್ನೊಂದು ನೇರವಾಗಿದ್ದರೆ ಎಂಜಿನ್ ನಿಂತಿತ್ತೋ ಏನೋ ಎಂದು ಅನುಮಾನಿಸುತ್ತೇನೆ. ಎರಡೂ ತಿರುಚಿಕೊಂಡು ಅಡ್ಡಗೀರು ಬಿದ್ದಿದ್ದರೆ ಎಂಜಿನ್ ಎಳೆಯುತ್ತಿತ್ತು.

ಬೇಸಿಗೆಯ ಎರೆಯಲ್ಲಿ ಬೇರೆಯದೇ ಫಜೀತಿ. ಬಿರುಕಿನೊಳಗೆ ನಟ್ಟು, ಕಾಟರ್ ಪಿನ್ ಇಳಿದುಬಿಡುತ್ತವೆ; ಒಂದು ಮಳೆ ಬಿತ್ತೆಂದರೆ ಬಾಯಿ ಮುಚ್ಚುತ್ತದೆ. ಉಕ್ಕಿನ ಚೂರುಗಳಿಗೆ ದಾರ ಕಟ್ಟಿದ ಆಯಸ್ಕಾಂತ, ಅಲ್ಯೂಮಿನಿಯಂಗೆ ಮೆಟಲ್ ಡಿಟೆಕ್ಟರ್ ಮತ್ತು ಜರಡಿ.

ಇಂಧನ ಬೇಗ ಆವಿಯಾಗುತ್ತದೆ, ಅದಕ್ಕೇ ಮಾದರಿ ಮೊದಲು. ಸಣ್ಣ ವಿಮಾನಗಳ ಪೆಟ್ರೋಲ್ ಆದ ಅವ್‌ಗ್ಯಾಸ್ 100ಎಲ್ಎಲ್ ತಿಳಿ ನೀಲಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ: ಅವ್‌ಗ್ಯಾಸ್ ಪೂರ್ತಿ ಆರುತ್ತದೆ, ಜೆಟ್ ಇಂಧನ ಬೆರೆತಿದ್ದರೆ ಎಣ್ಣೆಯ ಕಲೆ ಉಳಿಯುತ್ತದೆ. ಟ್ಯಾಂಕ್ ಒಡೆದು ಖಾಲಿಯಾಗಿದ್ದರೆ ಬೆಳೆ ನೋಡಲು ಎರಡು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಇಂಧನ ಚಿಮ್ಮಿದ ಕಡೆ ಹಸಿರು ಕಂದಿ ಬೀಸಣಿಗೆಯಾಕಾರದ ಪಟ್ಟೆ ಮೂಡಿರುತ್ತದೆ.

ಏನೂ ಸಿಗದೆ "ವಿಮಾನ ಮೇಲೇಳಲೇ ಇಲ್ಲ" ಎಂಬ ಸಾಕ್ಷಿ ಮಾತ್ರ ಉಳಿದರೆ ತೂಕ ಮತ್ತು ಹವೆಯ ಲೆಕ್ಕಕ್ಕೆ ಕೂರುತ್ತೇನೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವೇ ಸುಮಾರು 2,500 ಅಡಿ ಎತ್ತರದಲ್ಲಿದೆ. 36 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ಎಂಜಿನ್‌ಗೂ ರೆಕ್ಕೆಗೂ ಅದು 5,600 ಅಡಿ ಎತ್ತರ ಇದ್ದ ಹಾಗೆ. ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರಿನೊಳಗೆ ಕಟ್ಟುವ ಹಿಮ ಮಾತ್ರ ಕಾಡುತ್ತದೆ: ನಾವು ತಲುಪುವಷ್ಟರಲ್ಲಿ ಕರಗಿರುತ್ತದೆ. ಆ ಹೊತ್ತಿನ ಉಷ್ಣಾಂಶ, ತೇವಾಂಶ, ಆ ಹಿಮ ಕರಗಿಸಲು ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಗುಂಡಿ ಇದ್ದ ಜಾಗದಿಂದಲೇ ಊಹಿಸಬೇಕು.

ಕೊನೆಗೆ ಸಾಗಣೆ. ಟ್ರ್ಯಾಕ್ಟರಿನಿಂದ ಎಳೆಸಬೇಡಿ. ಕಂಟ್ರೋಲ್ ಕೇಬಲ್ ಕತ್ತರಿಸುವ ಮುನ್ನ ಎರಡೂ ಬದಿಗೆ ಒಂದೇ ನಂಬರಿನ ಚೀಟಿ ಕಟ್ಟಿ ಫೋಟೋ ತೆಗೆಯಿರಿ. ಹೊಡೆತಕ್ಕೆ ಹರಿದ ಕೇಬಲಿನ ತುದಿ ಪೊರಕೆಯಂತೆ ಕೆದರಿರುತ್ತದೆ, ಕಟ್ಟರಿನದು ಚಪ್ಪಟೆ. ಹ್ಯಾಂಗರಿನಲ್ಲಿ ಜೋಡಿಸುವಾಗ ಯಾವುದು ಯಾರು ಮಾಡಿದ ತುಂಡು ಎಂದು ಕೇಳುವವರು ಇದ್ದೇ ಇರುತ್ತಾರೆ.